ಬಿಲ್ಲೆ

ಮೂರು ಪೆಟ್ಟಿಗೆ. ಒಂದು ಬೈತಖೋಲದ ಧಕ್ಕೆಯಲ್ಲಿ,
ಐಸ್ ಕಾರ್ಖಾನೆಯ ಲೆಕ್ಕದ ಕೋಣೆಯೊಳಗೆ.
ಒಂದು ಮುದಗಾದಲ್ಲಿ, ಡೀಸೆಲ್ ಪಂಪಿನ ಹಿಂದೆ.
ಇನ್ನೊಂದು ಮಾಜಾಳಿಯಲ್ಲಿ, ಬಲೆ ಇಡುವ ಶೆಡ್ಡಿನ ಅಟ್ಟದ ಮೇಲೆ,
ಅದಕ್ಕೆ ಇಲಿಯ ಕಾಟ.

ಯಾವ ಪೆಟ್ಟಿಗೆ ಕೆಟ್ಟು ಕೂತರೂ ಉಳಿದೆರಡಕ್ಕೆ
ಯಾರ ಖಾತೆಗೆ ಎಷ್ಟು ಐಸು ಹೋಯಿತೆಂದು ಗೊತ್ತಿರಬೇಕು.
ಸಂಘದ ಠರಾವು ಇಷ್ಟೇ. ಸಹಿ ಹಾಕಿ ಚಹಾ ಕುಡಿದು ಎದ್ದರು.

ಪೆಟ್ಟಿಗೆ ಪೆಟ್ಟಿಗೆಯನ್ನು ನಂಬುವುದು ಹೇಗೆ?
ಮೂರಕ್ಕೂ ಒಂದೇ ಗುಟ್ಟು ಹೇಳಿಕೊಡಬೇಕು:
ಅರವತ್ತನಾಲ್ಕು ಅಕ್ಷರದ, ಅರ್ಥವೇ ಇಲ್ಲದ ಒಂದು ಸಾಲು,
ಯಾವ ತಾಯಿಯೂ ಮಗುವಿಗೆ ಇಡದಂಥ ಹೆಸರು.
ಅದನ್ನೊಂದು ಫೈಲಿಗಿಳಿಸಿ, ಟೋಕನ್ ಎಂದು ಕರೆದು,
ಪೆನ್ ಡ್ರೈವನ್ನು ಅಂಗಿಯ ಜೇಬಿಗೆ ಹಾಕಿ
ಮಾಜಾಳಿಯ ಬಸ್ಸು ಹತ್ತಿದೆ.
ಕಾಳಿಯ ಸೇತುವೆ ದಾಟುವಷ್ಟರಲ್ಲಿ
ಮೂರು ಸಲ ಜೇಬು ಮುಟ್ಟಿ ನೋಡಿಕೊಂಡೆ,
ಪರರ ಬಂಗಾರ ಒಯ್ಯುವವನ ಹಾಗೆ.

ಮಾಜಾಳಿ ಮೊದಲು ಮುಖ ತಿರುಗಿಸಿತು:
ಈ ಫೈಲನ್ನು ಯಾರು ಬೇಕಾದರೂ ಓದಬಹುದು,
ಆದ್ದರಿಂದ ನಾನು ಓದುವುದಿಲ್ಲ.
ನಗು ಬಂತು. ಎಷ್ಟು ಮರ್ಯಾದಸ್ಥ ಯಂತ್ರ!
ಓದುವ ಹಕ್ಕು ಒಬ್ಬನಿಗೇ ಉಳಿಸಿ ಮಿಕ್ಕವರದ್ದು ಕಿತ್ತೆ.
ಒಪ್ಪಿತು. ಮುದಗಾವೂ ಒಪ್ಪಿತು.
ಕಡಲ ಹಿನ್ನೀರಿನ ಆಚೆ ಈಚೆ ನಿಂತು
ಒಂದಕ್ಕೊಂದು ಓಗೊಟ್ಟವು.

ಬೈತಖೋಲ ಮಾತ್ರ: ನೀನು ಯಾರು?

ಸ್ಕೇಲು ಹಿಡಿದು ಅಕ್ಷರ ಅಕ್ಷರ ತಾಳೆ ನೋಡಿದೆ.
ಏಳು, ಎಫ್, ಸೊನ್ನೆ, ಸೊನ್ನೆ, ಬಿ.
ಊಟದ ಹೊತ್ತು ಮೀರಿತು. ಎಲ್ಲ ಸರಿ.
ನೀನು ಯಾರು?

ಆಗ ಬಾಗಿಲಲ್ಲಿ ಶೇವಂತಕ್ಕ. ತಲೆಯ ಮೇಲೆ ಸಿಂಬಿ, ಬುಟ್ಟಿ,
ಕೈಯಲ್ಲಿ ಸಂಘದ ಹಳೆಯ ಹಿತ್ತಾಳೆ ಬಿಲ್ಲೆ.
ಅದರ ನಂಬರನ್ನು ಉಪ್ಪು ತಿಂದಿದೆ,
ಮೂವತ್ತೆಂಟೋ ಮೂವತ್ತಮೂರೋ
ಬೆರಳಿಗೆ ಗೊತ್ತಾದರೆ ಗೊತ್ತಾಗಬೇಕು.
ಐಸ್ ಒಡೆಯುವ ದತ್ತಾರಾಮ ಬಿಲ್ಲೆಯತ್ತ ತಿರುಗಲೂ ಇಲ್ಲ,
ಮುಖ ನೋಡಿ ಕಾಲು ಲಾದಿ ಒಡೆದು ಬುಟ್ಟಿಗೆ ತುಂಬಿದ.

ನೋಡು, ಎಂದೆ ಪೆಟ್ಟಿಗೆಗೆ, ನಂಬಿಕೆ ಅಂದರೆ ಹೀಗಿರಬೇಕು.

ಅವಳಿಗೆ ಕೇಳಿಸಿತು.
"ಮುಖ ನೋಡಿ ಕೊಟ್ಟೂ ಕೊಟ್ಟೇ ಅಲ್ವಾ ಮಾಸ್ತರ್ರೆ,
ಎಂಟು ವರ್ಷ ಮೈದುನನ ಐಸು ನನ್ನ ಖಾತೆಗೆ ಬರೆದದ್ದು?
ಒಂದೇ ಮನೆಯವರು ಅಂತ.
ತೀರಿಸಿದ್ದು ನಾನು, ಬಳೆ ಅಡವಿಟ್ಟು.
ಯಾರು ಅಂತ ಕೇಳ್ತದಾ ನಿಮ್ಮ ಪೆಟ್ಟಿಗೆ? ಕೇಳಲಿ ಬಿಡಿ.
ನನ್ನನ್ನೂ ಕೇಳಲಿ.
ಇಲ್ಲಿ ತನಕ ಒಬ್ಬರೂ ಕೇಳಲಿಲ್ಲ."

ಹೋದಳು. ಬುಟ್ಟಿ ಸೋರಿದ ನೀರು
ಹೊಸ್ತಿಲ ತನಕ ಗೆರೆ ಎಳೆದಿತ್ತು.

ಏನೋ ಮಾಡಲು ತೋಚದೆ ಕರ್ಸರನ್ನು ಸಾಲಿನ ತುದಿಗೆ ಒಯ್ದೆ.
ಕೆಳಗೊತ್ತಿದೆ. ಅದು ಕೆಳಗಿಳಿಯಿತು.
ಇಳಿಯಬಾರದಿತ್ತು. ಅಲ್ಲಿ ಸಾಲೇ ಇರಬಾರದಿತ್ತು.
ಇದೊಂದು ಫೈಲನ್ನು ನಾನು ಇಲ್ಲೇ ಕೂತು ಕೈಯಾರೆ ಬರೆದದ್ದು,
ಮುಗಿಯಿತೆಂದು ಎಂಟರ್ ಒತ್ತಿದ್ದೆ,
ಕಾಗದದ ಕೊನೆಗೆ ಗೆರೆ ಎಳೆಯುವ ಅಭ್ಯಾಸಬಲದಿಂದ.
ಏನೂ ಇಲ್ಲದ ಒಂದು ಸಾಲು.
ಯಂತ್ರ ಅದನ್ನೂ ಎಣಿಸಿತ್ತು.

ಅಳಿಸಿದೆ. ಐದೂ ಇಪ್ಪತ್ತಕ್ಕೆ ಮೂರೂ ಕೂಡಿದವು.
ಹೊರಗೆ ಬಾಂಗಡೆಯ ಬೋಟುಗಳು ಒಂದರ ಮೈಗೆ ಒಂದು ತಾಗಿ ನಿಲ್ಲುತ್ತಿದ್ದವು,
ಕಾಗೆಗಳಿಗೆ ಪುರಸೊತ್ತಿರಲಿಲ್ಲ.

ಮೊದಲ ನಮೂದು: ಶೇವಂತಿ ಹರಿಕಂತ್ರ, ಕಾಲು ಲಾದಿ,
ಬಿಲ್ಲೆ ನಂಬರು
ಕೈ ನಿಂತಿತು.

ಚಪ್ಪಲಿ ಮೆಟ್ಟದೆ ಓಡಿದೆ ಧಕ್ಕೆಯುದ್ದಕ್ಕೂ,
ಮೀನಿನ ಕರುಳಿನ ಮೇಲೆ ಜಾರುತ್ತ, ಹರಾಜಿನ ಗದ್ದಲದೊಳಗೆ ಕೂಗುತ್ತ:
"ಶೇವಂತಕ್ಕಾ, ನಿಮ್ಮದು ಎಷ್ಟು?"

ತಿರುಗಿದಳು. ಬುಟ್ಟಿ ಇಳಿಸಿದಳು.
ಮಾತಾಡದೆ ಬಿಲ್ಲೆಯನ್ನು ನನ್ನ ಅಂಗೈಗೆ ಒತ್ತಿದಳು.
ತಣ್ಣಗಿತ್ತು.